ಒಣ ಮಸಿ

ಹೂಳೂರು,
ಗಾಳಿ ತಿಂಗಳ ಮೂವತ್ತಮೂರನೆಯ ದಿನ,
ಹೂಳು ಕಂಡ ಎಂಬತ್ತೆಂಟನೆಯ ವರ್ಷ.

ಚ. ಗೋಣಿಬಸಪ್ಪನವರಿಗೆ ಹಂಪವ್ವ ಮಾಡುವ ನಮಸ್ಕಾರಗಳು.

ತಿಂಗಳಿಗೆ ಮೂವತ್ತಮೂರನೆಯ ದಿನ ಎಲ್ಲಿಂದ ಬಂತು ಎಂದು ನೀವು ಬೆರಳು ಮಡಚಿ ಎಣಿಸುತ್ತಿರಬಹುದು. ನಮ್ಮಲ್ಲಿ ಗಾಳಿ ನಿಲ್ಲುವವರೆಗೆ ಗಾಳಿ ತಿಂಗಳು ಮುಗಿಯುವುದಿಲ್ಲ. ಹೋದ ವರ್ಷ ಇಪ್ಪತ್ತೊಂಬತ್ತಕ್ಕೇ ನಿಂತಿತ್ತು, ಈ ವರ್ಷ ಇನ್ನೂ ಬೀಸುತ್ತಿದೆ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ಮೂವತ್ತರ ಆಸುಪಾಸು ಇರಬೇಕು, ಖಚಿತವಾಗಿ ಹೇಳಲಾರೆ. ನಾನು ತೂಬಿನ ಮನೆಯ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಕಲಿತವಳು. ದಿನಚರಿ ಬರೆಯುವ ಅಭ್ಯಾಸವೊಂದನ್ನು ಬಿಟ್ಟರೆ ಬೇರೆ ಬರವಣಿಗೆ ಗೊತ್ತಿಲ್ಲ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮಾತುಗಳಲ್ಲೂ ಕೆಲವು ನನಗೆ ತಿಳಿಯುವುದಿಲ್ಲ. 'ಇನ್ಶೂರೆನ್ಸ್ ಮುಗಿದಿದೆ' ಎಂದು ನಿಮ್ಮ ನೋಟ್‌ಬುಕ್ಕಿನ ಎರಡು ಕಡೆ ಅಡಿಗೆರೆ ಎಳೆದು ಬರೆದಿದ್ದೀರಿ. ಅದು ಗಾಡಿಯ ಯಾವ ಭಾಗ, ಮುಗಿದರೆ ಏನು ತುಂಬಿಸಬೇಕು ಎಂದು ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ.

ನೀವು ನನ್ನನ್ನು ಬಲ್ಲವರಲ್ಲ. ನಿಮ್ಮ ಮೋಟಾರ್ ಸೈಕಲ್ ಈಗ ನಮ್ಮ ಮನೆಯಲ್ಲಿದೆ. ಅದರ ಪಕ್ಕದ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟ ನಿಮ್ಮ ಚಿಕ್ಕ ನೋಟ್‌ಬುಕ್ ಕೂಡ ಇದೆ. ನಮ್ಮ ಊರಿನಲ್ಲಿ ಒಂದು ಕಟ್ಟಳೆ. ಹಿಂದಿನವರು ಬಿಟ್ಟುಹೋದ ವಸ್ತು ಹೊಸ ಕೈಗೆ ಬಂದಾಗ, ಆ ಕೈಯವರು ಮೂಲ ಒಡೆಯರಿಗೆ ಒಂದು ಕಾಗದ ಬರೆಯಬೇಕು. ಇದಕ್ಕೆ ಹಿನ್ನೋಲೆ ಎನ್ನುತ್ತೇವೆ. ಬರೆದು, ಹಳೆಯ ಅಣೆಕಟ್ಟಿನ ತೂಬಿನೊಳಗೆ ಹಾಕಿ ಬರಬೇಕು. ನೀರು ಇದ್ದಾಗ ಮುಂದಕ್ಕೆ ಹೋಗುತ್ತಿದ್ದ ಆ ದಾರಿಯಲ್ಲಿ ಕಾಗದ ಹಿಂದಕ್ಕೆ, ಹಿಂದಿನವರ ಕಾಲಕ್ಕೆ ಹೋಗುತ್ತದೆ ಎಂದು ನಂಬಿಕೆ. ಕೊನೆಯಲ್ಲಿ ಆ ವಸ್ತುವಿನ ಗುರುತನ್ನು ಕಾಗದದ ಮೂಲೆಗೆ ಒತ್ತಬೇಕು: ಕೊಡಲಿಯಾದರೆ ಅಲಗಿನ ಗೆರೆ, ಪಾತ್ರೆಯಾದರೆ ತಳದ ಮಸಿ. ಇಲ್ಲದಿದ್ದರೆ ಒಡೆಯರಿಗೆ ಗುರುತು ಹತ್ತುವುದಿಲ್ಲವಂತೆ.

ಗಾಡಿ ಇದುವರೆಗೆ ನನ್ನ ಗಂಡ ಕೊಟ್ರೇಶನ ಕೈಯಲ್ಲಿತ್ತು. ಈಗ ನನ್ನ ಕೈಗೆ ಬಂದಿದೆ. ಅಂದರೆ ಏನಾಗಿದೆ ಎಂದು ನಿಮಗೆ ತಿಳಿಯಿತು.

ನಾವಿರುವುದು ದೊಡ್ಡ ಅಣೆಕಟ್ಟಿನ ಒಳಗೆ, ನೀರಿದ್ದ ಜಾಗದಲ್ಲಿ. ಹೂಳು ತುಂಬಿ ನೀರು ದಾರಿ ಬದಲಿಸಿದ ಮೇಲೆ ನಮ್ಮ ಮುತ್ತಜ್ಜಂದಿರು ಇಲ್ಲಿಗೆ ಇಳಿದರು. ಹೂಳಿನ ಇಟ್ಟಿಗೆಯ ಮನೆ, ಹೂಳಿನ ಮೇಲೆ ಬಿಳಿಜೋಳ. ಗಾಳಿ ತಿಂಗಳಲ್ಲಿ ಮನೆಯಿಂದ ಮನೆಗೆ ಹಗ್ಗ ಹಿಡಿದು ನಡೆಯುತ್ತೇವೆ, ರೊಟ್ಟಿಯನ್ನು ಒದ್ದೆ ಬಟ್ಟೆಯೊಳಗೆ ಮುಚ್ಚಿಟ್ಟೇ ತಿನ್ನುತ್ತೇವೆ. ಜೋಳದ ದಂಟನ್ನು ಕೊಳೆಸಿ ಭಟ್ಟಿ ಇಳಿಸಿದ್ದಕ್ಕೆ ಸಾರ ಎನ್ನುತ್ತೇವೆ. ಊಟದ ಸಾರಲ್ಲ, ಕುಡಿದರೆ ಕಣ್ಣು ಹೋಗುತ್ತದೆ. ಊರಿನ ಪಂಪು, ನಿಮ್ಮ ಗಾಡಿ, ಎಲ್ಲವೂ ಓಡುವುದು ಅದರಲ್ಲೇ. ನಿಮ್ಮ ಕಾಲದ ಪೆಟ್ರೋಲಿಗೆ ಹಿರಿನೀರು ಎನ್ನುತ್ತೇವೆ. ಕೆಲವು ಮನೆಗಳಲ್ಲಿ ಅದರ ಒಂದೊಂದು ಗಾಜಿನ ಸೀಸೆ ಇದೆ, ಬಾಯಿಗೆ ಮೇಣ ಹಾಕಿ ಹೂಳಿನಲ್ಲಿ ಹುಗಿದದ್ದು. ಜೇನಿನ ಬಣ್ಣಕ್ಕೆ ತಿರುಗಿದೆ. ಮದುವೆಯ ದಿನ ಗಾಡಿಯ ಟ್ಯಾಂಕಿಗೆ ಅದರ ಒಂದು ಹನಿ ಬಿಟ್ಟು ಹೊಸ ದಂಪತಿಯನ್ನು ಕೂರಿಸುತ್ತಾರೆ. ನನ್ನನ್ನೂ ಹಾಗೆಯೇ ಕೂರಿಸಿದ್ದರು.

ಈ ತಿಂಗಳ ಒಂಬತ್ತರಂದು ಮಕ್ಕಳಿಗೆ ಗಂಟಲುಬೇನೆ ಬಂತು. ಮದ್ದು ಇರುವುದು ಆಚೆ ದಂಡೆಯ ಊರಿನಲ್ಲಿ, ಹದಿನೆಂಟು ಹರಿದಾರಿ. ಬೀಸುವ ಗಾಳಿಯಲ್ಲಿ ನಡೆದು ಹೋಗುವುದು ಐದು ದಿನದ ಮಾತು, ಗಾಡಿಯಲ್ಲಾದರೆ ಒಂದೇ ದಿನ. ಕೊಟ್ರೇಶ ಹೊರಟ. ತಿರುಗಿ ಬರಲಿಲ್ಲ. ಗಾಡಿ ಹತ್ತನೆಯ ಹರಿದಾರಿಯಲ್ಲಿ ನಿಂತಿತ್ತು, ಅವನು ಅಲ್ಲಿಂದ ಮೂರು ಹರಿದಾರಿ ಮುಂದೆ ಹೂಳಿನಲ್ಲಿ ಅರ್ಧ ಮುಚ್ಚಿಹೋಗಿದ್ದ. ಹಿಂದಕ್ಕಲ್ಲ, ಮುಂದಕ್ಕೆ ನಡೆದಿದ್ದ. ಹುಡುಕಲು ಹೋದವರೇ ಮುಂದೆ ಹೋಗಿ ಮದ್ದು ತಂದರು. ಅಷ್ಟರಲ್ಲಿ ಒಂದು ಕೂಸು ಉಳಿಯಲಿಲ್ಲ. ಅವನ ಅಂಗಿಯ ಜೇಬಿನಲ್ಲಿ ತಲೆವಸ್ತ್ರದ ತುಂಡಿನಲ್ಲಿ ಸುತ್ತಿದ, ಇಂಜಿನ್ನಿಗೆ ಕಿಡಿ ಕೊಡುವ ಎರಡು ಪ್ಲಗ್ ಇದ್ದವು, ಗಾಡಿಯದೊಂದು, ಜೊತೆಗೆ ಒಯ್ದದ್ದೊಂದು. ಎರಡೂ ಕರಿ. ನಮ್ಮಲ್ಲಿ ಯಾರೂ ಅಷ್ಟು ಕರಿಯ ಪ್ಲಗ್ ನೋಡಿರಲಿಲ್ಲ. ಸಾರದಲ್ಲಿ ಓಡುವ ಗಾಡಿಯ ಪ್ಲಗ್ಗು ತೊಳೆದ ಹಲ್ಲಿನ ಹಾಗೆ ಇರುತ್ತದೆ. ಅವನ ಕೈಗಳೂ ಕರಿಯಾಗಿದ್ದವು. ನಾನೇ ತೊಳೆದೆ. ಬರಿಯ ನೀರಿಗೇ ಬಿಟ್ಟವು, ಅಂಟುವಾಳ ಬೇಕಾಗಲಿಲ್ಲ.

ಆಗ ನಿಮ್ಮ ನೋಟ್‌ಬುಕ್ ತೆಗೆದೆ. ಅದನ್ನು ಮದುವೆಯಾದ ವರ್ಷದಿಂದ ಓದುತ್ತಿದ್ದೇನೆ, ಅರ್ಧ ಬಾಯಿಪಾಠ. ಚೋಕ್ ಎಳೆದದ್ದನ್ನು ಒಳಕ್ಕೆ ತಳ್ಳಲು ಮತ್ತೆ ಮರೆತೆ, ಅವಳು ನಕ್ಕಳು ಎಂದು ಒಂದು ಕಡೆ ಬರೆದಿದ್ದೀರಿ. ಅವಳು ಯಾರೆಂದು ಬರೆದಿಲ್ಲ, ಆದರೂ ಆ ಪುಟ ನನಗೆ ಇಷ್ಟ. ಪ್ಲಗ್ಗಿನ ಪುಟದಲ್ಲಿ ಮೂರೇ ಸಾಲು: 'ತುದಿ ಇಟ್ಟಿಗೆ ಬಣ್ಣವಿದ್ದರೆ ಗಾಡಿ ಆರೋಗ್ಯ. ಬಿಳಿ ಸುಣ್ಣವಾದರೆ ಗಾಳಿ ಹೆಚ್ಚು, ಇಂಜಿನ್ ಕಾಯುತ್ತದೆ. ಕಪ್ಪಾದರೆ ಆಯಿಲ್ ಮೇಲೆ ಬರುತ್ತಿದೆ, ರಿಂಗ್ ಸರಿಯಿಲ್ಲ, ಮೆಕ್ಯಾನಿಕ್ ಮೋಸ ಮಾಡಿದ್ದಾನೆ, ಬಿಡಬೇಡ.'

ಗಾಡಿಗೆ ಆಯಿಲ್ ಮೇಲೇರದಂತೆ ತಡೆಯುವ ಹೊಸ ರಿಂಗ್ ಹಾಕಿದವನು ಜಡೆಪ್ಪ, ಕೊಟ್ರೇಶ ಹೊರಡುವ ಎಂಟು ದಿನದ ಮುಂಚೆ. ಜಡೆಪ್ಪ ನಮ್ಮ ಊರಿನ ಒಬ್ಬನೇ ಮೆಕ್ಯಾನಿಕ್. ಅಣೆಕಟ್ಟಿನ ಏರಿಯ ಆಚೆಯಿಂದ ಬಂದು ಆರು ವರ್ಷವಾಯಿತು, ಈಗಲೂ ಯಾರ ಮನೆಯ ಜಗುಲಿಯ ಮೇಲೂ ಕೂರುವುದಿಲ್ಲ. ರಿಂಗ್ ಹಾಕುವ ದಿನ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ಗಾಡಿಯನ್ನು ಎಳೆದು ತಂದ ದಿನ ಅವನು ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ: ಹೆಣದ ಕಡೆ ನೋಡಲಿಲ್ಲ, ನನ್ನ ಕಡೆ ನೋಡಲಿಲ್ಲ, ನೇರ ಗಾಡಿಯ ಹತ್ತಿರ ಹೋಗಿ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ಮುಚ್ಚಳ ಹಾಕಿದ. ಏನೂ ಹೇಳದೆ ಹೊರಟುಹೋದ. ತಪ್ಪಿಲ್ಲದವನು ಹಾಗೆ ಹೋಗುತ್ತಾನೆಯೇ?

ಕಟ್ಟೆಯ ಮುಂದೆ ನಿಂತು ನಿಮ್ಮ ಮೂರನೆಯ ಸಾಲನ್ನು ಗಟ್ಟಿಯಾಗಿ ಓದಿದೆ. ಕಟ್ಟೆ ಎಂದರೆ ನಮ್ಮ ನ್ಯಾಯದ ಜಾಗ; ಹಿರಿಯಳು ಶಾವಂತ್ರಮ್ಮ. ಹಿಂದಿನವರ ಬರಹ ಅಲ್ಲಿ ಸಾಕ್ಷಿಗೆ ಸಮ. "ಏನಾರ ಹೇಳೂದೈತೇನೋ?" ಎಂದು ಶಾವಂತ್ರಮ್ಮ ಮೂರು ಸಲ ಕೇಳಿದಳು. ಜಡೆಪ್ಪ ಮೂರು ಸಲವೂ ನೆಲ ನೋಡಿದ. "ಬಾಯಾಗ ಹೂಳು ತುಂಬೇತಿ ನೋಡ್ರಿ" ಎಂದು ಯಾರೋ ಹಿಂದಿನಿಂದ ಅಂದರು, ನಾಲ್ಕು ಜನ ನಕ್ಕರು. ತೀರ್ಮಾನವಾಯಿತು: ಗಾಳಿ ನಿಂತ ದಿನ ಅವನನ್ನು ಏರಿ ದಾಟಿಸುವುದು, ಅಂದರೆ ಒಂದು ಗಿಂಡಿ ನೀರು ಕೊಟ್ಟು ಆಚೆಗೆ ಬಿಟ್ಟುಬರುವುದು. ಹಾಗೆ ದಾಟಿಸಿದವರು ಯಾರೂ ಮರಳಿ ಬಂದದ್ದಿಲ್ಲ. ಅಲ್ಲಿಯವರೆಗೆ ಪಂಪುಮನೆಯಲ್ಲಿ ಕೂಡಿ ಹಾಕಿದ್ದಾರೆ.

ಇಷ್ಟನ್ನು ನಿಮಗೆ ತಿಳಿಸಿ, ನಿಮ್ಮ ಸಾಲು ತಪ್ಪಿತಸ್ಥನನ್ನು ಹಿಡಿದುಕೊಟ್ಟಿತೆಂದು ಉಪಕಾರ ಹೇಳಲು ಈ ಹಿನ್ನೋಲೆ ಬರೆಯಲು ಕೂತೆ. ಇನ್ನು ಗುರುತು ಒತ್ತಿ ಮುಗಿಸುತ್ತೇನೆ. ಗಾಡಿಯನ್ನು ಕಾಗದಕ್ಕೆ ಒತ್ತಲಾಗುವುದಿಲ್ಲ. ಪ್ಲಗ್ಗಿನ ತುದಿಯನ್ನು ಒತ್ತುತ್ತೇನೆ.

ಒತ್ತಿದೆ. ಕೆಳಗಿನ ಎಡ ಮೂಲೆಯಲ್ಲಿದೆ, ನೋಡಿ.

ನನಗೆ ಏನೋ ಸರಿ ಕಾಣುತ್ತಿಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎಣ್ಣೆ ತಾಗಿದ ಕಾಗದ ಬೆಳಕಿಗೆ ಕಣ್ಣು ಬಿಡುತ್ತದೆ. ಕರಿದ ಮಿರ್ಚಿ ಇಟ್ಟ ಕಾಗದ ಯಾರು ನೋಡಿಲ್ಲ? ಈ ಗುರುತಿನ ಸುತ್ತ ಆ ಕಣ್ಣಿಲ್ಲ. ಬರಿಯ ಕಪ್ಪು. ಊದಿದರೆ ಹಾರುತ್ತದೆ. ಇಪ್ಪತ್ತು ದಿನದಲ್ಲಿ ಒಣಗಿರಬೇಕು ಎಂದು ಮೊದಲು ನನಗೆ ನಾನೇ ಹೇಳಿಕೊಂಡೆ. ಆದರೆ ಆಯಿಲ್ ಒಣಗುವುದಿಲ್ಲ. ನಿಮ್ಮ ನೋಟ್‌ಬುಕ್ಕಿನ ರಟ್ಟಿನ ಮೇಲೆ ನಿಮ್ಮ ಹೆಬ್ಬೆಟ್ಟಿನ ಆಯಿಲ್ ಕಲೆ ಇದೆ, ಇಷ್ಟು ವರ್ಷದ ಮೇಲೂ ಬೆಳಕಿಗೆ ಹಿಡಿದರೆ ಹೊಳೆಯುತ್ತದೆ. ಇನ್ನೊಂದು ಪ್ಲಗ್ಗನ್ನೂ ಒತ್ತಿದೆ, ಬಲ ಮೂಲೆಯಲ್ಲಿ. ಅದೂ ಹಾಗೆಯೇ.

ಈ ಮಸಿ ನನಗೆ ಗೊತ್ತು. ನಾನು ವರ್ಷಕ್ಕೆರಡು ಸಲ ಕಾಡಿಗೆ ಮಾಡುತ್ತೇನೆ. ಹಣತೆಯ ಮೇಲೆ ತಟ್ಟೆ ಕವುಚಿ, ಉರಿಗೆ ಉಸಿರು ಸಾಲದಂತೆ ಮಾಡಿದರೆ ತಟ್ಟೆಗೆ ಮಸಿ ಹಿಡಿಯುತ್ತದೆ. ಒಣ ಮಸಿ, ಬೆರಳಿಗೆ ರೇಷ್ಮೆಯ ಹಾಗೆ. ಅದಕ್ಕೆ ಹರಳೆಣ್ಣೆ ಕಲಸಿದ ಮೇಲೆಯೇ ಅಂಟು. ಒಣ ಮಸಿ ಎಂದರೆ ಎಣ್ಣೆ ಸೋರಿದ್ದಲ್ಲ, ಉರಿಯುವುದು ಹೆಚ್ಚಾಗಿ ಗಾಳಿ ಸಾಲದ್ದು. ಅವನ ಕೈ ಬರಿಯ ನೀರಿಗೆ ಬಿಟ್ಟಿತ್ತು. ನಾನೇ ತೊಳೆದಿದ್ದೆ.

ಕಾಗದ ಇಲ್ಲಿಗೆ ನಿಲ್ಲಿಸಿ ಪಂಪುಮನೆಗೆ ಹೋಗುತ್ತೇನೆ.

ಗಾಳಿ ತಿಂಗಳ ಮೂವತ್ತೈದು.

ಮೊನ್ನೆಯೇ ಹಗ್ಗ ಹಿಡಿದು ಹೋದೆ. ಜಡೆಪ್ಪ ಕಿಂಡಿಯ ಹತ್ತಿರ ಕೂತು ಪಂಪಿನ ವಾಷರ್ ಕೊಯ್ಯುತ್ತಿದ್ದ. ಕೂಡಿ ಹಾಕಿದವನ ಕೈಯಲ್ಲೂ ಕೆಲಸ ಮಾಡಿಸಿಕೊಳ್ಳುತ್ತಿದ್ದೇವೆ ಎಂದು ಆಗಲೇ ನನಗೆ ಹೊಳೆದದ್ದು. ಎರಡು ಪ್ಲಗ್ಗನ್ನೂ ಕಿಂಡಿಯಲ್ಲಿ ಇಟ್ಟೆ. ಇದು ಒಣ ಮಸಿ, ಯಾಕೆ ಎಂದು ಕೇಳಿದೆ.

"ಈಗ ಕೇಳಾಕ ಬಂದಿಯೇನವ್ವ?" ಎಂದ. "ಓದೂಮುಂದ ಕೇಳಬೇಕಿತ್ತು."

"ಟ್ಯಾಂಕ್ ಯಾಕ ಮೂಸಿದಿ?"

ಅವನು ವಾಷರನ್ನು ಕೆಳಗಿಟ್ಟ. ಆಮೇಲೆ ಹೇಳಿದ: "ಹಿರಿನೀರಿನ ವಾಸನಿ ಐತೇನು ಅಂತ. ಸಾರಕ್ಕ ಗಾಳಿ ಬೆರೆಸೂ ಕಾರ್ಬೊರೇಟರಿನಾಗ ಜೆಟ್ ಅಂತ ಒಂದು ಸಣ್ಣ ತೂತಿರತೈತಿ. ಗಾಡಿ ಹುಟ್ಟಿದಾಗ ಆ ತೂತು ಹಿರಿನೀರಿಗೆ ಅಂತ ಕೊರದಿದ್ರು. ಸಾರಕ್ಕ ಅದು ಸಾಲಂಗಿಲ್ಲ, ಸಾರ ಹೆಚ್ಚು ಕುಡೀಬೇಕು ಗಾಡಿ. ಅದಕ್ಕ ನಾನು ದೊಡ್ಡದು ಮಾಡೀನಿ. ಆ ದೊಡ್ಡ ತೂತಿಗೆ ಹಿರಿನೀರು ಸುರದ್ರ ಏನಾದೀತು? ಕೂಸಿನ ಬಾಯಿಗೆ ಕೊಡ ಬಗ್ಗಿಸಿದಂಗ. ಉರಿಯಾಕ ಗಾಳಿ ಎಲ್ಲೈತಿ? ಮಸಿ ಕಟ್ಟತೈತಿ. ತಳದಾಗ ಉಳದಿದ್ದ ಸಾರ ಇರೂತನ ಓಡಿರತೈತಿ, ಆಮ್ಯಾಲ ನಿಂತೈತಿ. ಪ್ಲಗ್ ಬದಲಿ ಮಾಡಿದ್ರ ಅದಕ್ಕೂ ಕಟ್ಟತೈತಿ."

ಗೋಣಿಬಸಪ್ಪನವರೇ, ನಾನು ನಿಮಗೆ ಒಂದು ಸಂಗತಿ ಹೇಳದೆ ಬಿಟ್ಟಿದ್ದೆ. ಮುಚ್ಚಿಟ್ಟದ್ದಲ್ಲ, ಅದು ಹೇಳಬೇಕಾದದ್ದೆಂದು ತೋಚಿರಲಿಲ್ಲ. ಕೊಟ್ರೇಶ ಹೊರಡುವ ಮುಂಜಾನೆ ನನ್ನ ಮದುವೆಯ ಸೀಸೆಯನ್ನು ಅಗೆದು ತಂದು ಟ್ಯಾಂಕಿಗೆ ಸುರಿದೆ. ಒಂದು ಹನಿಯಲ್ಲ, ಪೂರ್ತಿ. ಮಕ್ಕಳ ಜೀವದ ಕೆಲಸ, ಎಲ್ಲಕ್ಕಿಂತ ಒಳ್ಳೆಯದನ್ನೇ ಹಾಕಬೇಕು ಎಂದು. ಅದನ್ನು ಕಂಡು ಇನ್ನೂ ಹತ್ತು ಮನೆಯವರು ತಮ್ಮ ತಮ್ಮ ಸೀಸೆ ತಂದರು. ಶಾವಂತ್ರಮ್ಮನ ಸೀಸೆ ಎಲ್ಲಕ್ಕಿಂತ ಹಳೆಯದು. ಟ್ಯಾಂಕು ಅಂಚಿನವರೆಗೆ ತುಂಬಿತು, ಕೊಟ್ರೇಶ ನಕ್ಕು, "ನನ್ನ ಲಗ್ನದಾಗೂ ಇಷ್ಟು ಹಾಕಿರಲಿಲ್ಲವಲ್ಲ" ಎಂದ. ಜಡೆಪ್ಪ ಅಲ್ಲಿರಲಿಲ್ಲ, ಪಂಪಿನ ಮೇಲಿದ್ದ. ಹಿರಿನೀರು ಬಿಡುವುದು ಮನೆಯವರ ಶಾಸ್ತ್ರ, ಅದಕ್ಕೆ ಮೆಕ್ಯಾನಿಕ್ಕನ್ನು ಯಾರು ಕೇಳುತ್ತಾರೆ?

ಆದರೂ ಅನುಮಾನ ಬಿಡಲಿಲ್ಲ. ಇಷ್ಟು ದಿನ ಒಳಗೆ ಕೂತವನು ಚೆಂದದ ಕತೆ ಕಟ್ಟಲಾರನೇ? ಇಷ್ಟು ಗೊತ್ತಿದ್ದವನು ಕಟ್ಟೆಯಲ್ಲಿ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

"ಹನ್ನೊಂದು ಮನಿ ಕೈ ಐತಿ ಅದರಾಗ," ಎಂದ. "ಕೂಸು ಸತ್ತ ಮನಿಯೂ ಐತಿ. ನ್ಯಾಯ ಹೇಳಾಕಿ ಕೈಯೂ ಐತಿ. ಹೊರಗಿನವ ನಾನೊಬ್ಬ ನಿಂತು ನೀವ ಕೊಂದೀರಿ ಅಂದ್ರ, ಗಾಳಿ ನಿಲ್ಲೂತನ ಕಾಯ್ತಿದ್ರೇನು ನೀವು? ಅವತ್ತ ದಾಟಿಸ್ತಿದ್ರಿ." ಮತ್ತೆ ವಾಷರಿಗೆ ಕೈ ಹಾಕಿ, ನನ್ನ ಕಡೆ ನೋಡದೆ, "ಮೊದಲನೇ ಸೀಸೆ ಯಾರದು ಅಂತ ಊರವರ ಬಾಯಿಂದ ನನಗ ಗೊತ್ತಾಗಿತ್ತು. ಅದನ್ನ ನಾ ಹೇಳಲಿ ಏನು?" ಎಂದ.

ನಾನು ಅವನನ್ನು ನಂಬಲಿಲ್ಲ. ನಂಬುವುದಕ್ಕಿಂತ ನೋಡುವುದು ಮೇಲು ಎಂದು ಶಾವಂತ್ರಮ್ಮನ ಮನೆಗೆ ಹೋದೆ. ಮರುದಿನ ನಡುಹಗಲು ಗಾಡಿಯನ್ನು ಕಟ್ಟೆಯ ಗೋಡೆಯ ಮರೆಗೆ ತಳ್ಳಿ ತಂದೆವು. ಜಡೆಪ್ಪನ ಕೈ ತಾಗಿದರೆ ಮತ್ತೆ ಅನುಮಾನ ಹುಟ್ಟುತ್ತದೆಂದು ಅವನನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ, ಅವನು ಹೇಳಿದಂತೆ ಎಲ್ಲವನ್ನೂ ನಾನೇ ಮಾಡಿದೆ. ಟ್ಯಾಂಕಿನಲ್ಲಿ ಉಳಿದದ್ದನ್ನು ಒಂದು ಕೊಡಕ್ಕೆ ಇಳಿಸಿದೆ. ಪ್ಲಗ್ಗನ್ನು ತಂತಿಯಿಂದ ಉಜ್ಜಿ ಹಾಕಿದೆ. ಹೊಸ ಸಾರ ಹೊಯ್ದೆ. ನಾಲ್ಕನೆಯ ಕಿಕ್ಕಿಗೆ ಗಾಡಿ ಎದ್ದಿತು. ಒಂದು ರೊಟ್ಟಿ ತಟ್ಟಿ ಬೇಯಿಸುವಷ್ಟು ಹೊತ್ತು ಓಡಿಸಿ ಪ್ಲಗ್ ಬಿಚ್ಚಿದೆ. ತೊಳೆದ ಹಲ್ಲು. ರಿಂಗ್ ಕೆಟ್ಟಿದ್ದರೆ ಒದ್ದೆಯಾಗಿರಬೇಕಿತ್ತು, ನೀಲಿ ಹೊಗೆ ಬರಬೇಕಿತ್ತು. ಎರಡೂ ಇಲ್ಲ. ಸಾರ ಬಸಿದು, ಕೊಡದಲ್ಲಿದ್ದದ್ದನ್ನು ಮತ್ತೆ ಹೊಯ್ದೆ. ಎದ್ದಿತು, ಆದರೆ ಮೊದಲಿನ ದನಿಯಲ್ಲ, ಕೆಮ್ಮುವ ಮುದುಕನ ದನಿ. ಹಿಂದಿನಿಂದ ಕರಿ ಹೊಗೆ. ಕುಗ್ಗಿತು, ಎರಡು ಸಲ ಗುಟುಕರಿಸಿ, ನಿಂತಿತು. ಎಷ್ಟು ತುಳಿದರೂ ಏಳಲಿಲ್ಲ. ಪ್ಲಗ್ ಬಿಚ್ಚಿ ಶಾವಂತ್ರಮ್ಮನ ಅಂಗೈಯಲ್ಲಿ ಇಟ್ಟೆ. ಅವಳು ಹೆಬ್ಬೆರಳಿಂದ ಉಜ್ಜಿದಳು. ಕಾಡಿಗೆ ಮಾಡಿದ ಕೈ ಅದೂ.

ಹಿಂದಿನಿಂದ ಒಬ್ಬರು, "ಹಿರಿನೀರು ಹಳಸಿರಬೇಕು" ಎಂದರು. "ಹೌದೌದು, ಹಳಸೇತಿ" ಎಂದು ಮೂರು ಜನ ಅಂದರು. ಜಡೆಪ್ಪ ದೂರದಿಂದ, "ಹಳಸಿದ್ದೂ ಒಂದೀಟು ಖರೆ" ಎಂದ. ಅದನ್ನು ಅವನು ಸತ್ಯವೆಂದು ಹೇಳಿದನೋ, ನಮಗೆ ದಾರಿ ಬಿಡಲು ಹೇಳಿದನೋ ನನಗೆ ಇನ್ನೂ ಗೊತ್ತಾಗಿಲ್ಲ. ಶಾವಂತ್ರಮ್ಮ ಮಾತ್ರ ಆ ದಾರಿ ಹಿಡಿಯಲಿಲ್ಲ. "ಹಳಸಿದ್ದು ನೀರಲ್ಲ ಬಿಡ್ರಪ್ಪ," ಎಂದಳು. "ನನ್ನ ಸೀಸೆಯೂ ಅದರಾಗ ಇತ್ತು. ಅವನ್ನ ಬಿಟ್ಟುಬಿಡ್ರಿ."

ಬಿಟ್ಟರು. ಅವನು ಯಾರಿಗೂ ಕೈ ಮುಗಿಯಲಿಲ್ಲ. ನನ್ನ ಹತ್ತಿರ ಬಂದು ಪ್ಲಗ್ ಇಸಿದುಕೊಂಡು, ತನ್ನ ಅಂಗಿಗೆ ಒರೆಸಿ, ತಿರುಗಿ ಕೊಟ್ಟ. "ಮೂರು ಹರಿದಾರಿ ಮುಂದ ನಡದಾನಲ್ಲ, ಗಟ್ಟಿಗ," ಎಂದ. ಇಪ್ಪತ್ತಾರು ದಿನದಲ್ಲಿ ಕೊಟ್ರೇಶನ ಬಗ್ಗೆ ಯಾರೂ ನನಗೆ ಅಷ್ಟು ಸರಿಯಾದ ಮಾತು ಹೇಳಿರಲಿಲ್ಲ. ನಾನು ಅಳಲಿಲ್ಲ. ಮನೆಗೆ ಬಂದು ಖಾಲಿ ಸೀಸೆಯನ್ನು ತೊಳೆದು ಕವುಚಿಟ್ಟೆ.

ಇವತ್ತು ಗಾಳಿ ನಿಂತಿದೆ. ಹಗ್ಗಗಳು ಜೋತುಬಿದ್ದಿವೆ. ತಿಂಗಳು ಮುಗಿಯಿತು. ಏರಿಯ ಮೇಲೆ ಯಾರೂ ನಡೆಯುತ್ತಿಲ್ಲ.

ಇನ್ನು ನಿಮ್ಮ ಮಾತು. ಎರಡು ದಿನದಿಂದ ನಿಮ್ಮ ನೋಟ್‌ಬುಕ್ಕನ್ನು ಬೇರೆ ಕಣ್ಣಿನಿಂದ ಓದುತ್ತಿದ್ದೇನೆ. ಹಿರಿಯರನ್ನು ಅನುಮಾನಿಸಬಾರದು ಎನ್ನುತ್ತಾರೆ, ಆದರೆ ಆ ಅಭ್ಯಾಸ ನನಗೆ ನಿಮ್ಮಿಂದಲೇ ಬಂತು. ಪ್ಲಗ್ಗಿನ ಪುಟಕ್ಕೆ ನೀವು ಮಾರ್ಚ್ ಹನ್ನೊಂದು ಎಂದು ತಾರೀಖು ಹಾಕಿದ್ದೀರಿ. ಚೋಕ್ ಮರೆತೆ, ಅವಳು ನಕ್ಕಳು ಎಂಬ ಪುಟ ಮಾರ್ಚ್ ಹತ್ತರದ್ದು. ಅದರ ಹಿಂದಿನ ವಾರವೂ ಮರೆತಿದ್ದೀರಿ. ಚೋಕ್ ಎಂದರೆ ಏನು ಮಾಡುತ್ತದೆ ಎಂದು ಜಡೆಪ್ಪನನ್ನು ಕೇಳಿದೆ. ಗಾಡಿಯ ಮೂಗು ಮುಚ್ಚುತ್ತದೆ ಎಂದ. ಹಣತೆಯ ಮೇಲೆ ತಟ್ಟೆ ಕವುಚಿದಂತೆ. ಎಳೆದದ್ದನ್ನು ಒಳಕ್ಕೆ ತಳ್ಳದೆ ಓಡಿಸಿದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ, ಒಣ ಮಸಿ.

ಆ ದಿನ ನಿಮ್ಮ ಕೈಯಲ್ಲಿದ್ದ ಪ್ಲಗ್ ಒದ್ದೆಯಿತ್ತೇ? ಮುಟ್ಟಿ ನೋಡಿದಿರಾ? ನೀವು ಬರೆದಿಲ್ಲ. ಕಪ್ಪು ಎಂದಷ್ಟೇ ಬರೆದು, ಬಿಡಬೇಡ ಎಂದು ಬರೆದಿರಿ. ನೂರು ವರ್ಷದ ಮೇಲೆ ಒಬ್ಬ ಹೆಂಗಸು ಅದನ್ನು ಕಟ್ಟೆಯ ಮುಂದೆ ಓದುತ್ತಾಳೆಂದು ನಿಮಗೆ ಹೇಗೆ ಗೊತ್ತಿರಬೇಕು? ನಾನು ನಿಮ್ಮ ಮೇಲೆ ತಪ್ಪು ಹೊರಿಸುತ್ತಿಲ್ಲ. ಸುರಿದ ಕೈ ನನ್ನದು. ಆ ಸಾಲನ್ನು ನಾನು ಹೊಡೆದುಹಾಕಿಯೂ ಇಲ್ಲ. ಅದರ ಕೆಳಗೆ ನನ್ನದೊಂದನ್ನು ಸೇರಿಸಿದ್ದೇನೆ: 'ಕಪ್ಪಾದರೆ ಮೊದಲು ಕಾಗದಕ್ಕೆ ಒತ್ತಿ ಬೆಳಕಿಗೆ ಹಿಡಿ. ಎಣ್ಣೆಯ ಕಣ್ಣು ಇಲ್ಲದಿದ್ದರೆ, ಏನು ಹಾಕಿದೆ ಎಂದು ನಿನ್ನನ್ನೇ ಕೇಳಿಕೋ.'

ನಿಮ್ಮಲ್ಲಿ ಬೇಡುವುದು ಒಂದೇ. ಈ ಕಾಗದ ಮಾರ್ಚ್ ಹನ್ನೊಂದಕ್ಕೆ ಮುಂಚೆ ತಲುಪಿದರೆ ಸರಿಯೇ ಸರಿ. ತಡವಾಗಿ ತಲುಪಿದರೂ, ಆ ಪ್ಲಗ್ ಎಲ್ಲಿಯಾದರೂ ಬಿದ್ದಿದ್ದರೆ ಹುಡುಕಿ, ಇದೇ ಕಾಗದದ ಮೂಲೆಯಲ್ಲಿ ನನ್ನ ಗುರುತುಗಳ ಪಕ್ಕಕ್ಕೆ ಒತ್ತಿ ನೋಡಿ. ಒಂದೇ ತರಹ ಕಂಡರೆ, ನಿಮ್ಮ ಮೆಕ್ಯಾನಿಕ್‌ನ ಅಂಗಡಿಗೆ ಒಮ್ಮೆ ಹೋಗಿ ಬನ್ನಿ. ಅಂಗಡಿ ಇನ್ನೂ ಇದ್ದರೆ. ಅವನ ಹೆಸರನ್ನು ನೀವು ಎಲ್ಲಿಯೂ ಬರೆದಿಲ್ಲ. ಬರೆದಿದ್ದರೆ ಅವನಿಗೂ ಒಂದು ಹಿನ್ನೋಲೆ ಬರೆಯುತ್ತಿದ್ದೆ.

ಇಂತಿ,
ಕೊಟ್ರೇಶನ ಹೆಂಡತಿ ಹಂಪವ್ವ